ಮೂರು ಸೆಕೆಂಡಿಗೆ ನಾಲ್ಕು ಸಾವಿರ ಡಾಲರ್?

ಮಿನಿಯಾಪೊಲಿಸ್‌ನಲ್ಲಿ ಜನವರಿಯ ಬೆಳಿಗ್ಗೆ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಅಂಥ ಚಳಿಯಲ್ಲೂ ನನ್ನ ಹಳೇ ಆಟೊಮ್ಯಾಟಿಕ್ ಕಾರು ಸ್ಟಾರ್ಟ್ ಆಗುವುದಕ್ಕೆ ತಕರಾರು ಮಾಡುವುದಿಲ್ಲ. ಡ್ರೈವ್‌ಗೆ ಹಾಕಿದ ಮೇಲೆ ಮಾತ್ರ ಮೂರು ಸೆಕೆಂಡು ಸುಮ್ಮನಿದ್ದು, ಆಮೇಲೆ ಧಡಕ್ಕನೆ ಹಿಡಿಯುತ್ತದೆ. ಸ್ವಲ್ಪ ದೂರ ಓಡಿ ಬಿಸಿಯಾದರೆ ಏನೂ ಆಗೇ ಇಲ್ಲವೆಂಬ ಹಾಗೆ ನಡೆಯುತ್ತದೆ. ಮೊದಲು ತೋರಿಸಿದ ಗ್ಯಾರೇಜಿನವರು ಡಿಪ್‌ಸ್ಟಿಕ್ ಕೂಡ ಎಳೆದು ನೋಡದೆ ರೀಬಿಲ್ಡ್ ಆಗಬೇಕು ಎಂದು 3,800 ಡಾಲರಿನ ಅಂದಾಜು ಬರೆದುಕೊಟ್ಟರು. ಕಾರು ಮಾರಿದರೆ ಬರುವುದು ಹೆಚ್ಚೆಂದರೆ 3,000.

ರಿಪೇರಿ ಖರ್ಚು ಕಾರಿನ ಬೆಲೆಯ ಅರ್ಧ ದಾಟಿದರೆ ಮಾರಿಬಿಡು ಅನ್ನುವ ಲೆಕ್ಕ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಕಾರಿಗೆ ಮಾರುಕಟ್ಟೆಯಲ್ಲಿ ಎಷ್ಟು ಸಿಗುತ್ತದೆ ಅನ್ನುವುದು ಮಾರುವವನ ಚಿಂತೆ. ಓಡಿಸುವವನು ಕೇಳಬೇಕಾದದ್ದು, ಇದರ ಜಾಗಕ್ಕೆ ಬರುವ ಕಾರಿಗೆ ತಿಂಗಳಿಗೆ ಎಷ್ಟು ತೆರಬೇಕು ಎಂದು. 18,000 ಡಾಲರಿನ ಸೆಕೆಂಡ್ ಹ್ಯಾಂಡ್ ಕಾರಿಗೆ ಶೇ 8ರ ಬಡ್ಡಿಯಲ್ಲಿ ಐದು ವರ್ಷದ ಸಾಲ ಮಾಡಿದರೆ ಕಂತು ತಿಂಗಳಿಗೆ ಸುಮಾರು 365. ಮಿನೆಸೋಟದ ವಾಹನ ಮಾರಾಟ ತೆರಿಗೆ ಶೇ 6.875, ಅಂದರೆ ಇನ್ನೂ 1,200 ಚಿಲ್ಲರೆ. ಸಾಲದ ಕಾರಿಗೆ ಬ್ಯಾಂಕು ಪೂರ್ಣ ವಿಮೆ ಕೇಳುತ್ತದೆ. ಹಳೆಯದಕ್ಕೆ ನಾನು ಕಾನೂನು ಕೇಳುವಷ್ಟನ್ನೇ ಇಟ್ಟುಕೊಂಡಿದ್ದೇನೆ. ಈ ಲೆಕ್ಕದಲ್ಲಿ ಆ ಭಾರೀ ರಿಪೇರಿ ಕೂಡ ಹನ್ನೊಂದು ತಿಂಗಳ ಕಂತಿಗಿಂತ ಕಡಿಮೆ.

ಹಾಗಂತ ತಕ್ಷಣ ರೀಬಿಲ್ಡ್ ಮಾಡಿಸಬೇಕಿಲ್ಲ. ಕಾಯಿಲೆ ಏನೆಂದು ಗೊತ್ತಾಗದೆ ಔಷಧಿಗೆ ದುಡ್ಡು ಕೊಡುವುದು ಯಾಕೆ? ಆಟೊಮ್ಯಾಟಿಕ್‌ನಲ್ಲಿ ಗೇರು ಹಿಡಿಯುವುದು ಎಣ್ಣೆಯ ಒತ್ತಡದಿಂದ. ಪಂಪು ತಳದ ಪ್ಯಾನ್‌ನಿಂದ ಫಿಲ್ಟರ್ ಮೂಲಕ ಎಣ್ಣೆ ಎಳೆದು ಕ್ಲಚ್‌ಗಳ ಪಿಸ್ಟನ್ನುಗಳನ್ನು ಒತ್ತುತ್ತದೆ. ಚಳಿಗೆ ಎಣ್ಣೆ ಮಂದವಾಗುತ್ತದೆ, ಫಿಲ್ಟರ್ ಕಟ್ಟಿಕೊಂಡಿದ್ದರೆ ಇನ್ನೂ ನಿಧಾನ. ಪಿಸ್ಟನ್ನಿನ ರಬ್ಬರ್ ಸೀಲುಗಳು ವಯಸ್ಸಾಗಿ ಗಟ್ಟಿಯಾಗಿದ್ದರೆ ಬಿಸಿಯಾಗುವವರೆಗೆ ಅಂಚಿನಲ್ಲಿ ಒತ್ತಡ ಸೋರುತ್ತದೆ. ಇದೇ ಕಾರು ಬೆಂಗಳೂರಿನಲ್ಲಿದ್ದಿದ್ದರೆ ಬಹುಶಃ ಇನ್ನೂ ಕೆಲವು ವರ್ಷ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಲ್ಲಿನ ಚಳಿ ಬೇಗ ಚಾಡಿ ಹೇಳಿತು. ಇನ್ನೊಂದು ಸಾಧ್ಯತೆಯೂ ಇದೆ. ಫುಟ್‌ವಾಲ್ವ್ ಸೋರುವ ಬಾವಿಯ ಪಂಪ್‌ಸೆಟ್ಟಿಗೆ ಬೆಳಿಗ್ಗೆ ನೀರು ತುಂಬಿಸಿ ಚಾಲೂ ಮಾಡಬೇಕಲ್ಲ, ಹಾಗೆಯೇ ರಾತ್ರಿಯಿಡೀ ನಿಂತ ಕಾರಿನ ಟಾರ್ಕ್ ಕನ್ವರ್ಟರ್‌ನಿಂದ ಎಣ್ಣೆ ಪ್ಯಾನಿಗೆ ಇಳಿದುಬಿಟ್ಟಿರಬಹುದು. ಆಗ ಅದು ತುಂಬುವವರೆಗೆ ಕಾರು ಕದಲದು.

ಇವನ್ನು ಬೇರ್ಪಡಿಸುವುದಕ್ಕೆ ದುಡ್ಡು ಬೇಡ. ಡ್ರೈವ್, ರಿವರ್ಸ್ ಎರಡರಲ್ಲೂ ತಡವಾಗುತ್ತದೆಯೇ ನೋಡಬೇಕು. ಒಂದರಲ್ಲಿ ಮಾತ್ರವಾದರೆ ಆ ಗೇರಿನ ಕ್ಲಚ್ ಸೀಲಿನ ಮೇಲೆ ಅನುಮಾನ. ಎರಡರಲ್ಲೂ ಆದರೆ ಎಣ್ಣೆ, ಫಿಲ್ಟರ್, ಪಂಪು, ಕನ್ವರ್ಟರ್ ಕಡೆ. ನನ್ನದು ಎರಡರಲ್ಲೂ ತಡ. ಗೆಳೆಯನ ಹೀಟರ್ ಇರುವ ಗ್ಯಾರೇಜಿನಲ್ಲಿ ಒಂದು ರಾತ್ರಿ ನಿಲ್ಲಿಸಿದೆ. ಬೆಳಿಗ್ಗೆ ಡ್ರೈವ್‌ಗೆ ಹಾಕಿದ ಕೂಡಲೇ ಹಿಡಿಯಿತು. ಕನ್ವರ್ಟರ್ ಖಾಲಿಯಾಗುವುದಿದ್ದರೆ ಬೆಚ್ಚಗಿನ ಜಾಗದಲ್ಲೂ ಆಗಬೇಕಿತ್ತು, ಹಾಗಾಗಿ ಆ ಅನುಮಾನ ಹೋಯಿತು. 25 ಡಾಲರಿನ ಸ್ಕ್ಯಾನರ್ ಚುಚ್ಚಿ ನೋಡಿದರೆ ಯಾವ ಕೋಡೂ ಇಲ್ಲ. ಮ್ಯಾನುಯಲ್ ಹೇಳಿದಂತೆ ಬಿಸಿ ಎಂಜಿನ್ ಓಡುತ್ತಿರುವಾಗಲೇ ಅಳೆದೆ. ಎಣ್ಣೆಯ ಮಟ್ಟ ಸರಿ ಇತ್ತು, ಬಣ್ಣ ಮಾತ್ರ ಕೆಂಪು ಹೋಗಿ ಕಂದು, ಸುಟ್ಟ ವಾಸನೆಯಿಲ್ಲ.

ಮುಂದಿನ ಖರ್ಚು 90 ಡಾಲರ್: ಫಿಲ್ಟರ್, ಪ್ಯಾನ್ ಗ್ಯಾಸ್ಕೆಟ್, ತಯಾರಕರು ಹೇಳಿದ ದರ್ಜೆಯದೇ ಎಣ್ಣೆ. ಎಲ್ಲ ಕಾರಿಗೂ ಆಗುತ್ತದೆ ಎನ್ನುವ ಅಗ್ಗದ ಡಬ್ಬ ಮುಟ್ಟಲಿಲ್ಲ. ಪ್ಯಾನ್ ಇಳಿಸಿದಾಗ ಮ್ಯಾಗ್ನೆಟ್ ಮೇಲೆ ಬೂದುಬಣ್ಣದ ನುಣುಪು ಲೇಪ ಮಾತ್ರ ಇತ್ತು, ವಯಸ್ಸಾದ ಗೇರ್‌ಬಾಕ್ಸಿಗೆ ಅದು ಸಹಜ. ಲೋಹದ ಚೂರು ಕಂಡಿದ್ದರೆ ಈ ಅಂಕಣದ ಲೆಕ್ಕವೇ ಬೇರೆಯಾಗುತ್ತಿತ್ತು. ಪ್ಯಾನ್ ಇಳಿಸಿದರೆ ಬದಲಾಗುವುದು ಎಣ್ಣೆಯ ಒಂದು ಪಾಲಷ್ಟೆ, ಉಳಿದದ್ದು ಕನ್ವರ್ಟರ್‌ನಲ್ಲೇ ಇರುತ್ತದೆ. ಹಾಗಾಗಿ ಕೆಲವು ವಾರ ಬಿಟ್ಟು ಇನ್ನೊಮ್ಮೆ ಬದಲಿಸಿದೆ. ಮೂರು ಸೆಕೆಂಡು ಒಂದಕ್ಕೆ ಇಳಿಯಿತು.

ಆಮೇಲೆ ಟ್ರಾನ್ಸ್‌ಮಿಷನ್ ಕೆಲಸವನ್ನೇ ಮಾಡುವ ಬೇರೊಂದು ಅಂಗಡಿಯಲ್ಲಿ 120 ಡಾಲರ್ ಕೊಟ್ಟು ಒತ್ತಡ ಅಳೆಸಿದೆ. ಕಾರನ್ನು ಹಿಂದಿನ ರಾತ್ರಿಯೇ ಅವರ ಅಂಗಳದಲ್ಲಿ ಬಿಟ್ಟು ಬಂದಿದ್ದೆ; ಬಿಸಿ ಕಾರು ಒಯ್ದರೆ ಮೆಕ್ಯಾನಿಕ್ಕಿಗೆ ಕಾಣುವುದು ಆರೋಗ್ಯವಂತ ಕಾರು. ಒತ್ತಡ ಸರಿಯಾಗಿತ್ತು. ಉಳಿದ ಒಂದು ಸೆಕೆಂಡು ಗಟ್ಟಿಯಾದ ಸೀಲುಗಳದು, ಬಿಚ್ಚದೆ ಅವನ್ನು ಬದಲಿಸಲಾಗದು ಅಂದರು. ಸೀಲು ಮೆದುವಾಗಿಸುವ ಡಬ್ಬಗಳು ಅಂಗಡಿಯಲ್ಲಿ ಸಿಗುತ್ತವೆ. ಒಳ್ಳೆಯ ಸೀಲೂ ಉಬ್ಬಿದರೆ ಏನು ಗತಿ ಎಂದು ನಾನು ಹಾಕಿಲ್ಲ.

ಅದರ ಬದಲು ಪ್ಯಾನಿನ ಅಡಿಗೆ 150 ವ್ಯಾಟಿನ ಹೀಟರ್ ಪ್ಯಾಡ್ ಅಂಟಿಸಿ ಟೈಮರ್ ಇಟ್ಟೆ. ಎರಡು ಗಂಟೆ ಉರಿದರೂ ಕರೆಂಟು 0.3 ಯೂನಿಟ್, ಕೆಲವೇ ಸೆಂಟು. ಗೇರು ಹಿಡಿಯುವ ಮುಂಚೆ ಆಕ್ಸಿಲರೇಟರ್ ಒತ್ತಬಾರದೆಂದು ಮನೆಯವರಿಗೂ ಹೇಳಿದ್ದೇನೆ, ಕ್ಲಚ್ ಸುಡುವುದೇ ಆ ಆತುರದಲ್ಲಿ.

ಕಂತಿಗೆ ಹೋಗಬೇಕಿದ್ದ ಹಣದಲ್ಲಿ ತಿಂಗಳಿಗೆ 200 ಡಾಲರ್ ಬೇರೆ ಖಾತೆಗೆ ಹಾಕುತ್ತಿದ್ದೇನೆ. ಬಿಸಿಯಾದ ಮೇಲೂ ಗೇರು ಜಾರತೊಡಗಿದರೆ, ಅಥವಾ ಎಣ್ಣೆಗೆ ಸುಟ್ಟ ವಾಸನೆ ಬಂದರೆ, ಆ ಖಾತೆ ಒಡೆಯುತ್ತೇನೆ. ಆಗ ರೀಬಿಲ್ಡೋ ಬೇರೆ ಕಾರೋ ಎಂಬುದನ್ನು ಬಾಡಿಯ ತುಕ್ಕು ತೀರ್ಮಾನಿಸಬಹುದು. ಇಲ್ಲಿನ ರಸ್ತೆಗೆ ಚಳಿಗಾಲವಿಡೀ ಉಪ್ಪು ಸುರಿಯುತ್ತಾರೆ.