ಕಾರ್ಡುಗಳ ನಡೆಯೂ ಯಂತ್ರಕ್ಕೆ ಕಲಿಸುವ ನಿಯಮವೂ

ನಮ್ಮ ಶಾಲೆಯಲ್ಲಿ ಕಲಿತವರಿಗೆ ಕೀರ್ತನೆಗಳನ್ನು ನಾಲ್ಕು ಧ್ವನಿಗಳಲ್ಲಿ ಹಾಡುವ ಅಭ್ಯಾಸವು ಹೊಸದಲ್ಲ. ಹಲವು ಸ್ವರಗಳು ಏಕಕಾಲದಲ್ಲಿ ಕೂಡಿ ನುಡಿದರೆ ಅದು ಕಾರ್ಡು. ಒಂದು ಕಾರ್ಡಿನ ತರುವಾಯ ಇನ್ನೊಂದು ಬರುವ ಕ್ರಮವೇ ಕಾರ್ಡುಗಳ ನಡೆ. ಈಗ ಮಕ್ಕಳು ಗಣಕಯಂತ್ರದ ತಂತ್ರಾಂಶದಲ್ಲಿ ಸಂಗೀತವನ್ನು ರಚಿಸುತ್ತಿರುವುದರಿಂದ, ಜಾಝ್ ಸಂಗೀತದ ಒಂದು ನಡೆಯನ್ನು ಯಂತ್ರಕ್ಕೆ ನಿಯಮವಾಗಿ ಕಲಿಸುವ ಬಗೆಯನ್ನು ಇಲ್ಲಿ ವಿವರಿಸುವೆವು.

ಬೋಗಾದಿಯಲ್ಲಿ ವಾಸವಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರ ಮನೆಗೆ ನಾವು ಹೋಗಿದ್ದಾಗ, ಅವರ ಮಗಳು ತಾನು ಬರೆದ ಕಾರ್ಡೊಂದನ್ನು ಅಳಿಸುತ್ತಿದ್ದಳು. ಏತಕ್ಕೆಂದು ಕೇಳಲು, “ಯಂತ್ರವು ಕೆಂಪು ಗುರುತು ಹಾಕಿದೆ, ನನ್ನ ಕಿವಿಯೇ ಸರಿಯಿಲ್ಲ” ಎಂದಳು. ಆ ನಿಯಮವನ್ನು ಬರೆದವರಾರೆಂದು ವಿಚಾರಿಸಿದರೆ, ಅವಳೇ!

ಮೊದಲು ನಡೆಯನ್ನು ತಿಳಿಯೋಣ. ಪಾಶ್ಚಾತ್ಯರ ಮೇಜರ್ ಶ್ರೇಣಿಯ ಸ್ವರಸ್ಥಾನಗಳು ನಮ್ಮ ಶಂಕರಾಭರಣದವೇ ಆಗಿವೆ. ಷಡ್ಜವನ್ನು 0 ಎಂದಿಟ್ಟು ಅರ್ಧಸ್ವರಗಳನ್ನು ಎಣಿಸಿದರೆ ರಿ 2, ಗ 4, ಮ 5, ಪ 7, ಧ 9, ನಿ 11. ಒಂದು ಸ್ವರವನ್ನು ಹಿಡಿದು ಒಂದನ್ನು ಬಿಡುತ್ತಾ ಹೋದರೆ ಕಾರ್ಡು ಹುಟ್ಟುವುದು. ಜಾಝಿನ ಅತಿ ಪರಿಚಿತ ನಡೆಯಲ್ಲಿ ಮೂರು ಕಾರ್ಡುಗಳಿವೆ: ರಿ-ಮ-ಧ-ಸ, ಪ-ನಿ-ರಿ-ಮ, ಸ-ಗ-ಪ-ನಿ. ಮೊದಲನೆಯದರಲ್ಲಿದ್ದ ಸ ಎರಡನೆಯದರಲ್ಲಿ ನಿಗೆ ಇಳಿಯುವುದು, ಮ ನಿಲ್ಲುವುದು. ಮೂರನೆಯದರಲ್ಲಿ ಮ ಗಕ್ಕೆ ಇಳಿಯುವುದು, ನಿ ನಿಲ್ಲುವುದು. ಎರಡನೆಯ ಕಾರ್ಡಿನಲ್ಲಿ ಮ ಮತ್ತು ನಿಗಳ ನಡುವಣ ಆರು ಅರ್ಧಸ್ವರಗಳ ಅಂತರವು ಕಿವಿಗೆ ಅಶಾಂತಿಯನ್ನುಂಟುಮಾಡುವುದರಿಂದಲೇ ಮೂರನೆಯದು ಮನೆ ಸೇರಿದಂತೆ ತೋರುವುದು.

ಆ ಬಾಲಕಿಯು ಯಂತ್ರಕ್ಕೆ, “ಮೊದಲನೆಯದರ ತರುವಾಯ ಪಂಚಮದ ಕಾರ್ಡು ಮಾತ್ರವೇ ಬರತಕ್ಕದ್ದು” ಎಂದು ವಿಧಿಸಿದ್ದಳು. ತರುವಾಯ ಅವಳ ಕಿವಿ ಬಯಸಿದ ಕಾರ್ಡಾದರೋ ಶುದ್ಧ ರಿಷಭದ ಮೇಲಿನದು: 1, 5, 8, 11. ಪಂಚಮದ ಕಾರ್ಡಿನ ಅಂಕಗಳು 7, 11, 2, 5. ಎರಡರಲ್ಲಿಯೂ 5 ಮತ್ತು 11, ಅಂದರೆ ಮ ಮತ್ತು ನಿ, ಇವೆಯಷ್ಟೆ! ಮೇಲಾಗಿ ಮಂದ್ರದ ಧ್ವನಿಯು 2, 1, 0 ಎಂದು ಮೆಟ್ಟಿಲಿಳಿದಂತೆ ಇಳಿಯುವುದು. ಜಾಝ್ ವಾದಕರು ಬಹುಕಾಲದಿಂದ ಬಳಸುವ ಬದಲಿ ಕಾರ್ಡನ್ನು ಆಕೆ ತಾನಾಗಿಯೇ ಕಂಡುಕೊಂಡಿದ್ದಳು.

ಆದುದರಿಂದ ನಿಯಮವನ್ನು ಕಾರ್ಡಿನ ಹೆಸರಿನಿಂದ ಬರೆಯದೆ, ಅದು ಮಾಡುವ ಕೆಲಸದಿಂದ ಬರೆಯಬೇಕು: “5 ಮತ್ತು 11 ಇರುವ, 7 ಅಥವಾ 1ರ ಮೇಲೆ ನಿಂತ ಕಾರ್ಡು ಬರಬಹುದು.” ಹೀಗೆ ತಿದ್ದಿದೊಡನೆ ಕೆಂಪು ಗುರುತು ಮಾಯವಾಯಿತು. 1984ರಲ್ಲಿ ಮಾರ್ಕ್ ಸ್ಟೀಡ್‌ಮನ್ ಎಂಬ ವಿದ್ವಾಂಸರು ಹನ್ನೆರಡು ಬಾರುಗಳ ಬ್ಲೂಸ್ ನಡೆಗಳಿಗೆ ಭಾಷೆಯ ವ್ಯಾಕರಣದಂಥ ಸೂತ್ರಗಳನ್ನು ರಚಿಸಿ ಪ್ರಕಟಿಸಿದರು. ಅಲ್ಲಿಯೂ ಇಂಥ ಬದಲಿ ಕಾರ್ಡುಗಳಿಗೆ ಸ್ಥಾನವುಂಟು. ವ್ಯಾಕರಣವು ನುಡಿಯನ್ನು ಹಿಂಬಾಲಿಸುವುದೇ ಹೊರತು ನುಡಿಯು ವ್ಯಾಕರಣವನ್ನಲ್ಲ.

ತಾಯ್ತಂದೆಗಳಲ್ಲಿ ನಮ್ಮ ಅರಿಕೆಯಿಷ್ಟೇ. ಮಕ್ಕಳು ನಿಯಮವನ್ನು ಕಲಿಯಲಿ. ಅದಿಲ್ಲದೆ ರಚನೆಯು ಗದ್ದಲವಾದೀತು. ಆದರೆ ಯಂತ್ರವು ತಪ್ಪೆಂದಾಗ ಅಳಿಸುವ ಮುನ್ನ ಒಮ್ಮೆ ಹಾರ್ಮೋನಿಯಮ್ಮಿನ ಮೇಲೆ ನುಡಿಸಿ, ಹಾಡಿ ನೋಡಲಿ. ಸಬ್ಬತ್ ದಿನದ ವಿಷಯದಲ್ಲಿ ನಮ್ಮ ಕರ್ತನು ಕಲಿಸಿದ ಪಾಠವು ಇಲ್ಲಿಯೂ ಸಲ್ಲುವುದು. ಆ ಬಾಲಕಿಯು ಅಳಿಸಿದ ಕಾರ್ಡನ್ನು ಪುನಃ ಬರೆದಳು. ತಾಯಿ ಮಗಳಿಬ್ಬರೂ ಅದನ್ನು ಹಾಡಿದರು. ನಾವು ಕೇಳಿ ಸಂತೋಷಪಟ್ಟೆವು.