ಸಹಿ ಹಾಕುವ ಮುನ್ನ ಸರ್ಕಾರಿ ಜಾಲತಾಣ ನೋಡಿರಿ

ಬಿತ್ತನೆಗೆ ಮುನ್ನ ಬೀಜದ ಮೊಳಕೆ ಪರೀಕ್ಷೆ ಮಾಡುವುದು ರೈತರಿಗೆ ಹೊಸದಲ್ಲ. ಸಾಲ ಪಡೆಯುವಾಗ ಹಾಗೂ ಠೇವಣಿ ಇಡುವಾಗಲೂ ಇಂಥ ಪರೀಕ್ಷೆ ಅಗತ್ಯ. ಇದಕ್ಕೆ ಬೇಕಾದ ಮಾಹಿತಿ ಸರ್ಕಾರದ ಮತ್ತು ರಿಸರ್ವ್ ಬ್ಯಾಂಕಿನ ಜಾಲತಾಣಗಳಲ್ಲಿ ದೊರೆಯುತ್ತದೆ. ಮೊಬೈಲ್ ಬಳಕೆ ತಿಳಿಯದವರು ಮನೆಯ ಓದಿದ ಮಕ್ಕಳ ನೆರವು ಪಡೆಯಬಹುದು.

ಪದದ ಅರ್ಥ ತಿಳಿಯುವುದು

ಸಾಲಪತ್ರಗಳಲ್ಲಿ ಇಂಗ್ಲಿಷ್ ಪದಗಳೇ ಹೆಚ್ಚು. 'ಗ್ಯಾರಂಟರ್' ಎಂದು ಸಹಿ ಹಾಕಿದವರು, ಸಾಲಗಾರ ಕಟ್ಟದಿದ್ದರೆ ತಾವೇ ಕಟ್ಟಬೇಕಾಗುತ್ತದೆ. ಇಂಥ ಪದಗಳ ಅರ್ಥ ತಿಳಿಯಲು ಭಾರತವಾಣಿ ಜಾಲತಾಣದ ನಿಘಂಟುಗಳು ಉಪಯುಕ್ತ. 1969ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನವು 2016ರಲ್ಲಿ ಇದನ್ನು ಆರಂಭಿಸಿತು. ವಾಹನ ಸಾಲ, ಮನೆ ಸಾಲದಂಥ ಸಾಲಗಳಿಗೆ, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಮುಖ್ಯ ಸಂಗತಿಗಳ ಪತ್ರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2024ರಲ್ಲಿ ಆದೇಶಿಸಿದೆ. ಈ ಪತ್ರವನ್ನು ಕನ್ನಡದಲ್ಲಿ ಕೇಳಿ ಪಡೆಯುವುದು ಒಳ್ಳೆಯದು.

ಬಡ್ಡಿಯ ಲೆಕ್ಕ

ನೂರಕ್ಕೆ ತಿಂಗಳಿಗೆ 3 ರೂಪಾಯಿ ಎಂಬ ಬಡ್ಡಿ ಕೇಳಲು ಅಲ್ಪವೆನಿಸುತ್ತದೆ. ಆದರೆ ವರ್ಷಕ್ಕೆ ಅದು ಶೇಕಡ 36. ಈ ದರದಲ್ಲಿ 50,000 ರೂಪಾಯಿಗೆ ವರ್ಷಕ್ಕೆ 18,000 ರೂಪಾಯಿ ಬಡ್ಡಿಯಾಗುತ್ತದೆ. ಕಿಸಾನ್ ಕ್ರೆಡಿಟ್ ಕಾರ್ಡಿನ 3 ಲಕ್ಷ ರೂಪಾಯಿವರೆಗಿನ ಬೆಳೆ ಸಾಲಕ್ಕೆ ಬಡ್ಡಿ ಶೇಕಡ 7. ಸಕಾಲಕ್ಕೆ ತೀರಿಸಿದರೆ ಶೇಕಡ 3 ರಿಯಾಯಿತಿ ದೊರೆತು, ಅಷ್ಟೇ ಹಣಕ್ಕೆ ಬಡ್ಡಿ 2,000 ರೂಪಾಯಿ ಮಾತ್ರ.

ಕಂತಿನ ಸಾಲದಲ್ಲಿ ಇನ್ನೊಂದು ಅಂಶ ಗಮನಿಸಬೇಕು. 50,000 ರೂಪಾಯಿಗೆ ಶೇಕಡ 12ರಂತೆ 6,000 ರೂಪಾಯಿ ಬಡ್ಡಿ ಸೇರಿಸಿ 12 ಸಮ ಕಂತುಗಳಲ್ಲಿ ವಸೂಲು ಮಾಡಿದರೆ, ಅಸಲು ಪ್ರತಿ ತಿಂಗಳು ಇಳಿಯುತ್ತಿದ್ದರೂ ಬಡ್ಡಿ ಪೂರ್ತಿ ಮೊತ್ತಕ್ಕೇ ಬೀಳುತ್ತದೆ. ಆಗ ನಿಜವಾದ ದರ ಶೇಕಡ 21ನ್ನು ಮೀರುತ್ತದೆ. ಮುಖ್ಯ ಸಂಗತಿಗಳ ಪತ್ರದಲ್ಲಿ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ನಮೂದಾಗಿರುತ್ತದೆ. ಸಾಲಗಳನ್ನು ಹೋಲಿಸಲು ಆ ದರವನ್ನೇ ನೋಡಬೇಕು.

ಠೇವಣಿಯ ಸುರಕ್ಷತೆ

ಹೆಚ್ಚು ಬಡ್ಡಿಯ ಆಸೆ ತೋರಿಸಿ ಠೇವಣಿ ಕೇಳುವ ಸಂಸ್ಥೆಗೆ ಅನುಮತಿ ಇದೆಯೇ ಎಂಬುದನ್ನು ರಿಸರ್ವ್ ಬ್ಯಾಂಕಿನ ಸಚೇತ್ ಜಾಲತಾಣದಲ್ಲಿ ನೋಡಬಹುದು. ವಿಮೆಗೆ ಒಳಪಟ್ಟ ಬ್ಯಾಂಕ್ ಮುಳುಗಿದರೂ ಅಸಲು, ಬಡ್ಡಿ ಸೇರಿ ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿವರೆಗೆ ರಕ್ಷಣೆಯುಂಟು. ಈ ಮಿತಿ 2020ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಪ್ರಾಥಮಿಕ ಸಹಕಾರ ಸಂಘಗಳ ಠೇವಣಿಗೆ ಈ ವಿಮೆ ಅನ್ವಯಿಸದು ಎಂಬುದನ್ನು ಮರೆಯಬಾರದು. ತೀರಿಹೋದ ಹಿರಿಯರ ಹೆಸರಿನಲ್ಲಿ ಬ್ಯಾಂಕಿನಲ್ಲಿ ಉಳಿದುಹೋದ ಹಣವನ್ನು ಹುಡುಕಲು 2023ರಲ್ಲಿ ಆರಂಭವಾದ ಉದ್ಗಮ್ ಜಾಲತಾಣ ನೆರವಾಗುತ್ತದೆ.

ಪಹಣಿ ಪರಿಶೀಲನೆ

ಜಮೀನಿನ ಮೇಲಿನ ಸಾಲ ಪಹಣಿಯ 11ನೇ ಕಲಂನಲ್ಲಿ ದಾಖಲಾಗುತ್ತದೆ. ಸಾಲ ತೀರಿದ ಕೂಡಲೇ ಬ್ಯಾಂಕಿನಿಂದ ಬೇಬಾಕಿ ಪತ್ರ ಪಡೆದು ಋಣದ ನಮೂದನ್ನು ತೆಗೆಸಬೇಕು. ಅದು ತೆಗೆದುಹೋಗಿದೆಯೇ ಎಂಬುದನ್ನು ಭೂಮಿ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಬೇಕು. ಇಲ್ಲದಿದ್ದರೆ ಮುಂದಿನ ಸಾಲಕ್ಕೂ ಮಾರಾಟಕ್ಕೂ ತೊಡಕಾಗುತ್ತದೆ.

ನೆನಪಿಡಬೇಕಾದ ಅಂಶಗಳು

1. ಅರ್ಥವಾಗದ ಪತ್ರಕ್ಕೆ ಸಹಿ ಹಾಕಬಾರದು. ಪ್ರತಿಯನ್ನು ಮನೆಗೆ ತಂದು ಓದಿಸಬೇಕು.
2. ಮೊಬೈಲಿಗೆ ಬಂದ ಓಟಿಪಿ ಸಂಖ್ಯೆಯನ್ನು ಯಾರಿಗೂ ಹೇಳಬಾರದು. ಮೋಸದಿಂದ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.
3. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು.

ವಿಸ್ತರಣಾ ಕಾರ್ಯಕರ್ತರು ಗ್ರಾಮಸಭೆಗಳಲ್ಲಿ ಒಂದು ಸಾಲಪತ್ರವನ್ನು ಓದಿ, ಬಡ್ಡಿಯನ್ನು ಲೆಕ್ಕ ಹಾಕಿ ತೋರಿಸಿದರೆ ರೈತ ಬಾಂಧವರಿಗೆ ಹೆಚ್ಚಿನ ಪ್ರಯೋಜನವಾಗುತ್ತದೆ.