ಫೆಲ್ಡ್‌ಸ್ಪಾರ್ ಗುರುತಿಸಲು ಬಣ್ಣ ಸಾಲದು, ಹೊಳಪು ನೋಡಬೇಕು

ಭೂಮಿಯ ಹೊರಪದರದ ಅರ್ಧಕ್ಕೂ ಹೆಚ್ಚು ಪಾಲು ಫೆಲ್ಡ್‌ಸ್ಪಾರ್ ಖನಿಜಗಳದ್ದು. ಇವುಗಳಲ್ಲಿ ಎರಡು ಮುಖ್ಯ ಬಳಗಗಳಿವೆ. ಆರ್ಥೊಕ್ಲೇಸ್, ಮೈಕ್ರೊಕ್ಲಿನ್, ಸ್ಯಾನಿಡಿನ್ ಸೇರಿದ ಪೊಟ್ಯಾಶ್ ಫೆಲ್ಡ್‌ಸ್ಪಾರ್ ಒಂದು. ಸೋಡಿಯಂನ ಆಲ್ಬೈಟ್‌ನಿಂದ ಕ್ಯಾಲ್ಸಿಯಂನ ಅನಾರ್ಥೈಟ್‌ವರೆಗೆ ಹಬ್ಬಿದ ಪ್ಲೇಜಿಯೋಕ್ಲೇಸ್ ಇನ್ನೊಂದು. ಗುಲಾಬಿಯಾದರೆ ಮೊದಲನೆಯದು, ಬಿಳಿಯಾದರೆ ಎರಡನೆಯದು ಎಂಬ ರೂಢಿಯ ಲೆಕ್ಕ ಎಷ್ಟೋ ಸಲ ಕೈಕೊಡುತ್ತದೆ. ಬಿಳಿ ಮೈಕ್ರೊಕ್ಲಿನ್ ಅಪರೂಪವೇನಲ್ಲ. ನಂಬಬೇಕಾದದ್ದು ಹರಳಿನ ಆಕಾರ, ಅದು ಸೀಳುವ ರೀತಿ ಮತ್ತು ಅವಳಿಯಾಗಿ ಬೆಳೆದ ಗುರುತುಗಳನ್ನು. ಹತ್ತು ಪಟ್ಟು ಹಿಗ್ಗಿಸುವ ಲೆನ್ಸ್, ಒಂದು ಉಕ್ಕಿನ ಚಾಕು, ಒಳ್ಳೆಯ ಬಿಸಿಲು ಇದ್ದರೆ ಸಾಕು.

ಮೊದಲು ಕಲ್ಲಿನ ಆಯ್ಕೆ. ಹರಳು ದೊಡ್ಡದಿದ್ದಷ್ಟೂ ಕೆಲಸ ಸುಲಭ. ರಾಮನಗರದ ಬೆಟ್ಟಗಳ ಕ್ಲೋಸ್‌ಪೇಟೆ ಗ್ರಾನೈಟ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಶಿಲೆಯಲ್ಲಿ ಹಲವು ಸೆಂಟಿಮೀಟರ್ ಉದ್ದದ ಪೊಟ್ಯಾಶ್ ಫೆಲ್ಡ್‌ಸ್ಪಾರ್ ಹರಳುಗಳಿವೆ. ಹೊಸದಾಗಿ ಒಡೆದ ಮೈಯನ್ನೇ ನೋಡಬೇಕು; ಮಳೆ ಬಿಸಿಲಿಗೆ ಸಿಕ್ಕ ಫೆಲ್ಡ್‌ಸ್ಪಾರ್ ಜೇಡಿಯಾಗುತ್ತ ಮಂಕಾಗುತ್ತದೆ.

ಎರಡನೆಯದು ಬೆಣಚುಕಲ್ಲಿನಿಂದ ಬೇರ್ಪಡಿಸುವುದು. ಮೊಹ್ಸ್ ಮಾಪಕದಲ್ಲಿ ಫೆಲ್ಡ್‌ಸ್ಪಾರ್‌ನ ಗಡಸುತನ 6, ಬೆಣಚಿನದು 7. ಸಾಧಾರಣ ಚಾಕು ಎರಡನ್ನೂ ಗೀರುವುದಿಲ್ಲ, ಬೆಣಚು ಮಾತ್ರ ಫೆಲ್ಡ್‌ಸ್ಪಾರ್ ಅನ್ನು ಗೀರುತ್ತದೆ. ಬೆಣಚು ಒಡೆದ ಗಾಜಿನಂತೆ ಬಾಗಿದ ಮೈ ತೋರಿದರೆ, ಫೆಲ್ಡ್‌ಸ್ಪಾರ್ ಎರಡು ದಿಕ್ಕಿನಲ್ಲಿ ಚಪ್ಪಟೆಯಾಗಿ ಸೀಳುತ್ತದೆ. ಈ ಸೀಳುಗಳ ನಡುವಿನ ಕೋನ ಆರ್ಥೊಕ್ಲೇಸ್‌ನಲ್ಲಿ 90 ಡಿಗ್ರಿ, ಪ್ಲೇಜಿಯೋಕ್ಲೇಸ್‌ನಲ್ಲಿ ಸುಮಾರು 86. ನಾಲ್ಕು ಡಿಗ್ರಿಯ ಈ ವ್ಯತ್ಯಾಸ ಬರಿಗಣ್ಣಿಗೆ ನಿಲುಕದು.

ಆಕಾರದಲ್ಲಿ ಎರಡೂ ಬಳಗಗಳು ಹತ್ತಿರ ಹತ್ತಿರ: ದಪ್ಪ ಹಲಗೆ, ಇಲ್ಲವೇ ಮೊಂಡು ಕಂಬ. ಆದ್ದರಿಂದ ತೀರ್ಮಾನಕ್ಕೆ ಬರಲು ಅವಳಿಗಳನ್ನೇ ಹುಡುಕಬೇಕು.

ಕಾರ್ಲ್ಸ್‌ಬಾಡ್ ಅವಳಿ ಕಣ್ಣಿಗೆ ಬೇಗ ಬೀಳುತ್ತದೆ. ಇಂದು ಕಾರ್ಲೊವಿ ವಾರಿ ಎನಿಸಿಕೊಳ್ಳುವ ಜೆಕ್ ಊರಿನ ಹೆಸರು ಇದಕ್ಕಿದೆ. ಇದರಲ್ಲಿ ಹರಳಿನ ಒಂದು ಭಾಗವು ಉದ್ದನೆಯ ಅಕ್ಷದ ಸುತ್ತ 180 ಡಿಗ್ರಿ ತಿರುಗಿ ಇನ್ನೊಂದರೊಡನೆ ಬೆಸೆದು ಬೆಳೆದಿರುತ್ತದೆ. ಕಲ್ಲನ್ನು ಬಿಸಿಲಿಗೆ ಹಿಡಿದು ನಿಧಾನವಾಗಿ ಓರೆ ಮಾಡಿದರೆ ಹರಳಿನ ಅರ್ಧ ಫಳ್ಳನೆ ಹೊಳೆಯುತ್ತದೆ, ಉಳಿದರ್ಧ ಮಂಕಾಗಿರುತ್ತದೆ. ಇನ್ನಷ್ಟು ತಿರುಗಿಸಿದಾಗ ಹೊಳಪು ಆ ಬದಿಗೆ ದಾಟುತ್ತದೆ, ನಡುವಿನ ಗೆರೆ ಸ್ಪಷ್ಟವಾಗುತ್ತದೆ. ಪೊಟ್ಯಾಶ್ ಫೆಲ್ಡ್‌ಸ್ಪಾರ್‌ನ ದೊಡ್ಡ ಹರಳುಗಳಲ್ಲಿ ಇದು ತೀರ ಸಾಮಾನ್ಯ. ಆದರೆ ಪ್ಲೇಜಿಯೋಕ್ಲೇಸ್‌ನಲ್ಲೂ ಬರುವುದರಿಂದ ಇದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಇಟಲಿಯ ಬವೇನೊ, ಜರ್ಮನಿಯ ಮಾನೆಬಾಖ್ ಊರುಗಳ ಹೆಸರಿನ ಅವಳಿಗಳು ವಿರಳ.

ನಿಜವಾದ ಸಾಕ್ಷಿ ಆಲ್ಬೈಟ್ ಅವಳಿ. ಪ್ಲೇಜಿಯೋಕ್ಲೇಸ್‌ನ ಅತಿ ನಯವಾದ ಸೀಳುಮೈಯನ್ನು ಲೆನ್ಸ್‌ನಲ್ಲಿ ನೋಡುತ್ತ ಓರೆ ಮಾಡಿದರೆ ಅಚ್ಚುಕಟ್ಟಾದ, ನೇರವಾದ ಸಮಾನಾಂತರ ಗೆರೆಗಳು ಮೂಡುತ್ತವೆ. ಅವು ಒಂದಕ್ಕೊಂದು ಕನ್ನಡಿಬಿಂಬವಾಗಿ ಜೋಡಿಸಿಕೊಂಡ ತೆಳು ಪದರಗಳ ಅಂಚುಗಳು. ಆರ್ಥೊಕ್ಲೇಸ್‌ನ ರಚನೆಯಲ್ಲಿ ಆ ಸಮತಲ ಆಗಲೇ ಕನ್ನಡಿಯಂತಿರುವುದರಿಂದ ಅಲ್ಲಿ ಇಂಥ ಅವಳಿ ಹುಟ್ಟಲಾರದು. ಗೆರೆ ಕಂಡರೆ ಪ್ಲೇಜಿಯೋಕ್ಲೇಸ್ ಎನ್ನಬಹುದು. ಕಾಣದಿದ್ದರೆ ಅಲ್ಲವೆನ್ನುವಂತಿಲ್ಲ, ನೋಡುತ್ತಿರುವುದು ಇನ್ನೊಂದು ಸೀಳುಮೈ ಆಗಿರಬಹುದು.

ಹೊಸಬರು ಎಡವುವುದು ಪರ್ಥೈಟ್‌ನಲ್ಲಿ. ಪೊಟ್ಯಾಶ್ ಫೆಲ್ಡ್‌ಸ್ಪಾರ್ ತಣಿಯುವಾಗ ಅದರೊಳಗಿನ ಸೋಡಿಯಂ ಅಂಶ ಬೇರ್ಪಟ್ಟು ಉಂಟಾದ ಪಟ್ಟಿಗಳಿವು. ಇವು ಅಂಕುಡೊಂಕಾಗಿ, ಕವಲೊಡೆದು, ಬೇರೆ ಬಣ್ಣದಲ್ಲಿ ಇರುತ್ತವೆ, ಓರೆ ಮಾಡಿದರೂ ಮಾಯವಾಗುವುದಿಲ್ಲ.

ಮೈಕ್ರೊಕ್ಲಿನ್‌ನಲ್ಲಿ ಆಲ್ಬೈಟ್ ಮತ್ತು ಪೆರಿಕ್ಲಿನ್ ಅವಳಿಗಳು ಅಡ್ಡ ಉದ್ದ ಹೆಣೆದುಕೊಂಡು ಚೌಕಳಿ ವಿನ್ಯಾಸ ಮೂಡಿಸುತ್ತವೆ. ಅದು ಲೆನ್ಸ್‌ಗೆ ದಕ್ಕುವುದಿಲ್ಲ, ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ.